ಹಾಡು ಕೊಂಡವರ ಕೈಗೆ ಬಂದದ್ದು ಬೀಗ

ದುಡ್ಡು ಕೊಟ್ಟು ಕೊಂಡ ಹಾಡು, ಮಾರಿದ ಕಂಪನಿ ಬಾಗಿಲು ಹಾಕಿದ ಮೇಲೆ ನುಡಿಯುವುದೋ ಇಲ್ಲವೋ? 2008ರಲ್ಲಿ ಅಮೆರಿಕದ ಸಾವಿರಾರು ಗ್ರಾಹಕರ ಮುಂದೆ ಈ ಪ್ರಶ್ನೆ ಧುತ್ತೆಂದು ನಿಂತಿತು. ಎಲ್ಲವನ್ನೂ ಆ್ಯಪ್‌ಗಳಿಗೆ ಒಪ್ಪಿಸಿ ಕುಳಿತ ನಮಗೂ ಅದು ಹಳೆಯ ಪ್ರಶ್ನೆಯಲ್ಲ.

2008ರ ಏಪ್ರಿಲ್‌ನಲ್ಲಿ ಎಂಎಸ್‌ಎನ್ ಮ್ಯೂಸಿಕ್ ಎಂಬ ಆನ್‌ಲೈನ್ ಅಂಗಡಿಯ ಹಳೆಯ ಗಿರಾಕಿಗಳಿಗೆ ಮೈಕ್ರೊಸಾಫ್ಟ್ ಒಂದು ಇ–ಮೇಲ್ ಕಳಿಸಿತು. ಅಂಗಡಿ ವ್ಯಾಪಾರ ನಿಲ್ಲಿಸಿ ಆಗಲೇ ಸುಮಾರು ಒಂದೂವರೆ ವರ್ಷವಾಗಿತ್ತು. ಈಗ ಬಂದ ಸುದ್ದಿ ಬೇರೆ. ಆಗಸ್ಟ್ 31ರ ನಂತರ, ಅಲ್ಲಿ ಕೊಂಡಿದ್ದ ಹಾಡುಗಳಿಗೆ ಲೈಸೆನ್ಸ್ ಕೀಲಿ ಕೊಡುವುದನ್ನೂ ನಿಲ್ಲಿಸುತ್ತೇವೆ ಎಂದು ಕಂಪನಿ ತಿಳಿಸಿತ್ತು. ಅಷ್ಟರೊಳಗೆ ಯಾವ ಕಂಪ್ಯೂಟರಿಗೆ ಅನುಮತಿ ಪಡೆದಿದ್ದೀರೋ ಅದರಲ್ಲಿ ಹಾಡು ಕೇಳಬಹುದು. ಹೊಸ ಕಂಪ್ಯೂಟರ್ ಕೊಂಡರೆ ಅದರಲ್ಲಿ ಕೇಳುವಂತಿಲ್ಲ. ಹಳೆಯದರಲ್ಲೇ ವಿಂಡೋಸ್ ಎಕ್ಸ್‌ಪಿ ತೆಗೆದು ವಿಸ್ಟಾ ಹಾಕಿಸಿಕೊಂಡರೂ ಹಾಡು ಬಂದ್. ವಿಸ್ಟಾ ತಯಾರಿಸಿದ್ದು ಮೈಕ್ರೊಸಾಫ್ಟೇ, ಹಾಡು ಮಾರಿದ್ದೂ ಮೈಕ್ರೊಸಾಫ್ಟೇ.

ಈ ಇ–ಮೇಲ್ ತಲುಪಿದವರಲ್ಲಿ ಹಾಡು ಕದ್ದವನು ಒಬ್ಬನೂ ಇರಲಿಲ್ಲ. ಒಂದು ಹಾಡಿಗೆ 99 ಸೆಂಟ್‌ನಂತೆ ಕ್ರೆಡಿಟ್ ಕಾರ್ಡಿನಲ್ಲಿ ಹಣ ತೆತ್ತವರೇ ಎಲ್ಲರೂ. ಅದೇ ಹಾಡನ್ನು ಇಂಟರ್‌ನೆಟ್ಟಿನಿಂದ ಪುಕ್ಕಟೆ ಇಳಿಸಿಕೊಂಡಿದ್ದವನ ಎಂಪಿ3 ಫೈಲಿಗೆ ಯಾವ ಗಡುವೂ ಇರಲಿಲ್ಲ. ಅವನು ಅದನ್ನು ಹತ್ತು ಕಂಪ್ಯೂಟರಿಗೆ ಹಾಕಿಕೊಳ್ಳಬಹುದಿತ್ತು, ಮೊಬೈಲಿಗೆ ತುಂಬಬಹುದಿತ್ತು, ಮೊಮ್ಮಕ್ಕಳಿಗೆ ಬಿಟ್ಟುಹೋಗಬಹುದಿತ್ತು. ಕಳ್ಳನನ್ನು ತಡೆಯಲು ಜಡಿದ ಬೀಗ ಕಳ್ಳನಿಗೆ ತಾಕಲೇ ಇಲ್ಲ. ಸಿಕ್ಕಿಬಿದ್ದದ್ದು ಸಾಲಿನಲ್ಲಿ ನಿಂತು ದುಡ್ಡು ಕೊಟ್ಟವನು.

ಬೀಗ ಕೆಲಸ ಮಾಡುತ್ತಿದ್ದ ಬಗೆ

ಈ ಬೀಗದ ಹೆಸರು ಡಿಜಿಟಲ್ ರೈಟ್ಸ್ ಮ್ಯಾನೇಜ್‌ಮೆಂಟ್, ಚಿಕ್ಕದಾಗಿ ಡಿಆರ್‌ಎಂ. ಎಂಎಸ್‌ಎನ್ ಮ್ಯೂಸಿಕ್‌ನಲ್ಲಿ ಹಾಡು ಕೊಂಡಾಗ ಗ್ರಾಹಕನಿಗೆ ಎರಡು ವಸ್ತು ಬರುತ್ತಿದ್ದವು. ಮೊದಲನೆಯದು ಹಾಡಿನ ಫೈಲ್. ಅದರ ಒಳಗಿನ ದನಿಯನ್ನು ಗಣಿತದ ಸೂತ್ರದಿಂದ ಕಲಸಿ ಗೂಢಲಿಪಿ ಮಾಡಿರುತ್ತಿದ್ದರು. ಎರಡನೆಯದು ಲೈಸೆನ್ಸ್, ಗೂಢಲಿಪಿಯನ್ನು ಬಿಡಿಸುವ ಕೀಲಿ, ಜೊತೆಗೆ ಅದನ್ನು ಎಷ್ಟು ಕಂಪ್ಯೂಟರಿನಲ್ಲಿ ಕೇಳಬಹುದು, ಎಷ್ಟು ಸಲ ಸಿ.ಡಿ.ಗೆ ಬರ್ನ್ ಮಾಡಬಹುದು ಎಂಬ ಷರತ್ತುಗಳು. ಈ ಲೈಸೆನ್ಸ್ ಆಯಾ ಕಂಪ್ಯೂಟರಿಗೆ ಕಟ್ಟಿಹಾಕಿದ್ದು. ಫೈಲನ್ನು ಬೇರೆ ಕಂಪ್ಯೂಟರಿಗೆ ನಕಲು ಮಾಡಿದರೆ ಹಾಡಿನ ಹೆಸರು ಕಾಣುತ್ತದೆ, ಹಾಡು ಕೇಳುವುದಿಲ್ಲ. ಆಗ ಪ್ಲೇಯರ್ ತಂತ್ರಾಂಶ ಅಂಗಡಿಯ ಸರ್ವರನ್ನು ಸಂಪರ್ಕಿಸಿ ಹೊಸ ಲೈಸೆನ್ಸ್ ಕೇಳುತ್ತದೆ.

ಎಡವಟ್ಟು ಇದ್ದದ್ದು ಇಲ್ಲಿ. ಹಾಡು ನಿಮ್ಮ ಮನೆಯಲ್ಲಿತ್ತು, ಅದಕ್ಕೆ ಅಪ್ಪಣೆ ಕೊಡುವವರು ಬೇರೆಲ್ಲೋ ಇದ್ದರು. ಪಾತ್ರೆ ಅಂಗಡಿಯವನು ಬಾಗಿಲು ಹಾಕಿಕೊಂಡು ಊರು ಬಿಟ್ಟರೆ ಅವನಲ್ಲಿ ಕೊಂಡ ಕೊಳಗ ಸೋರಲು ಶುರುವಾಗುವುದಿಲ್ಲ. ಡಿಆರ್‌ಎಂ ಹಾಡಿನ ವಿಷಯದಲ್ಲಿ ಸೋರುತ್ತಿತ್ತು. ಮಾರಾಟ ಮುಗಿದ ಮೇಲೂ ಮಾರಿದವನು ವರ್ಷಗಟ್ಟಲೆ ಸರ್ವರ್ ನಡೆಸುತ್ತಲೇ ಇರಬೇಕು, ವಿದ್ಯುತ್ತಿಗೂ ಸಿಬ್ಬಂದಿಗೂ ಖರ್ಚು ಮಾಡುತ್ತಲೇ ಇರಬೇಕು, ಹೊಸ ವಿಂಡೋಸ್ ಬಂದಾಗಲೆಲ್ಲ ತಂತ್ರಾಂಶ ತಿದ್ದುತ್ತಲೇ ಇರಬೇಕು. ವ್ಯಾಪಾರವೇ ಇಲ್ಲದ ಅಂಗಡಿಗೆ ಇಷ್ಟೆಲ್ಲ ಯಾರು ಸುರಿಯುತ್ತಾರೆ? ಹಾಗಾಗಿ ಸರ್ವರ್ ನಿಲ್ಲುವುದು ಅಪಘಾತವಾಗಿರಲಿಲ್ಲ. ಮಾರಿದ ದಿನವೇ ಅದು ನಿಶ್ಚಯವಾಗಿತ್ತು, ತಾರೀಖು ಮಾತ್ರ ಗೊತ್ತಿರಲಿಲ್ಲ.

ಮೈಕ್ರೊಸಾಫ್ಟ್ 2004ರಲ್ಲಿ ‘ಪ್ಲೇಸ್‌ಫಾರ್‌ಷೂರ್’ ಎಂಬ ಮುದ್ರೆಯನ್ನು ಜಾರಿಗೆ ತಂದಿತ್ತು. ಈ ಮುದ್ರೆ ಇರುವ ಅಂಗಡಿಯ ಹಾಡು ಈ ಮುದ್ರೆ ಇರುವ ಯಾವ ಪ್ಲೇಯರಿನಲ್ಲೂ ನುಡಿಯುತ್ತದೆ ಎಂಬುದು ಭರವಸೆ. ಹಲವು ಕಂಪನಿಗಳ ಪ್ಲೇಯರುಗಳು ಆ ಮುದ್ರೆ ಹೊತ್ತು ಮಾರುಕಟ್ಟೆಗೆ ಬಂದವು. ಎರಡೇ ವರ್ಷಕ್ಕೆ, 2006ರ ನವೆಂಬರಿನಲ್ಲಿ, ಮೈಕ್ರೊಸಾಫ್ಟ್ ತನ್ನದೇ ‘ಝೂನ್’ ಪ್ಲೇಯರನ್ನು ಬಿಟ್ಟಿತು. ಅದರ ಬೀಗವೇ ಬೇರೆ. ಎಂಎಸ್‌ಎನ್ ಮ್ಯೂಸಿಕ್‌ನಲ್ಲಿ ಕೊಂಡ ಹಾಡು ಝೂನ್‌ನಲ್ಲಿ ನುಡಿಯಲಿಲ್ಲ. ಒಂದೇ ಕಂಪನಿಯ ಎಡಗೈ ಮಾರಿದ್ದನ್ನು ಬಲಗೈ ಒಪ್ಪಲಿಲ್ಲ.

ಒಂದೇ ವರ್ಷ, ಸಾಲು ಸಾಲು ನೋಟಿಸು

ಅದು ಮೈಕ್ರೊಸಾಫ್ಟ್ ಒಂದರ ಕಥೆಯಾಗಿದ್ದರೆ ಒಂದು ಕಂಪನಿಯ ಚಪಲ ಎಂದು ಬಿಟ್ಟುಬಿಡಬಹುದಿತ್ತು. ಆದರೆ 2008ರ ಮಾರ್ಚ್‌ನಲ್ಲಿ ಸೋನಿಯ ‘ಕನೆಕ್ಟ್’ ಅಂಗಡಿ ಮುಚ್ಚಿತು. ಅಲ್ಲಿನ ಹಾಡುಗಳು ಸೋನಿಯದೇ ಆದ ಅಟ್ರ್ಯಾಕ್ ಎಂಬ ಮಾದರಿಯಲ್ಲಿದ್ದವು. ಜುಲೈನಲ್ಲಿ ಯಾಹೂ ತನ್ನ ಗ್ರಾಹಕರಿಗೆ, ಸೆಪ್ಟೆಂಬರ್ 30ಕ್ಕೆ ಲೈಸೆನ್ಸ್ ಸರ್ವರ್ ನಿಲ್ಲಿಸುವುದಾಗಿ ತಿಳಿಸಿತು. ಸೆಪ್ಟೆಂಬರಿನಲ್ಲಿ ವಾಲ್‌ಮಾರ್ಟ್‌ನ ಸರದಿ. ಅವರ ಗಡುವು ಅಕ್ಟೋಬರ್ 9.

ಪ್ರತಿಯೊಂದು ನೋಟಿಸಿನ ಹಿಂದೆಯೂ ಗದ್ದಲವೆದ್ದಿತು. ಡಿಜಿಟಲ್ ಹಕ್ಕುಗಳಿಗಾಗಿ ಕೆಲಸ ಮಾಡುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ ಬಹಿರಂಗವಾಗಿ ದನಿಯೆತ್ತಿತು. ಆ ಮೇಲೆ ಒಬ್ಬೊಬ್ಬರೇ ಮಣಿದರು. ಮೈಕ್ರೊಸಾಫ್ಟ್ ಜೂನ್‌ನಲ್ಲಿ ಗಡುವನ್ನು 2011ರ ಕೊನೆಯವರೆಗೆ ಮುಂದೂಡಿತು. ಯಾಹೂ ಬೀಗವಿಲ್ಲದ ಎಂಪಿ3 ಕೊಳ್ಳಲು ಕೂಪನ್ ಇಲ್ಲವೇ ಹಣ ವಾಪಸ್ ಕೊಡಲು ಒಪ್ಪಿತು. ವಾಲ್‌ಮಾರ್ಟ್ ಸದ್ಯಕ್ಕೆ ಸರ್ವರ್ ನಡೆಸುವುದಾಗಿ ಹೇಳಿತು. ಗ್ರಾಹಕರು ಕೂಗಾಡಿದ್ದಕ್ಕೆ ಇದೆಲ್ಲ ಸಿಕ್ಕಿತು. ಕೊಡಲೇಬೇಕು ಎಂದು ಯಾವ ಕಾನೂನೂ ಅವರನ್ನು ಕಟ್ಟಿಹಾಕಿರಲಿಲ್ಲ.

ಅಷ್ಟರಲ್ಲಿ ಗ್ರಾಹಕರಿಗೆ ಸಿಕ್ಕಿದ್ದ ಉಪಾಯ ಒಂದೇ: ಹಾಡುಗಳನ್ನು ಸಿ.ಡಿ.ಗೆ ಬರ್ನ್ ಮಾಡಿ, ಆ ಸಿ.ಡಿ.ಯಿಂದ ಮತ್ತೆ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಕೇಳುವುದಕ್ಕೆ ಸುಲಭ. ಆದರೆ ಅಂಗಡಿಯ ಫೈಲು ಮೊದಲೇ ಗಾತ್ರ ಇಳಿಸಲು ದನಿಯ ಸೂಕ್ಷ್ಮಗಳನ್ನು ಕತ್ತರಿಸಿ ಮಾಡಿದ್ದು. ಸಿ.ಡಿ.ಯಿಂದ ತೆಗೆದು ಮತ್ತೆ ಎಂಪಿ3 ಮಾಡಿದರೆ ಎರಡನೇ ಸಲ ಕತ್ತರಿ ಬೀಳುತ್ತದೆ. ಹಾಡಿನ ಜೊತೆಗಿದ್ದ ಗಾಯಕರ ಹೆಸರು, ಆಲ್ಬಮ್ಮಿನ ಹೆಸರು ಕಳಚಿಹೋಗಿ ಅವನ್ನೆಲ್ಲ ಮತ್ತೆ ಕೂತು ತುಂಬಬೇಕು. ನೂರಾರು ಹಾಡು ಕೊಂಡವನಿಗೆ ರಜೆಯೆಲ್ಲ ಇದರಲ್ಲೇ ಕಳೆಯಿತು. ಇನ್ನೂ ಒಂದು ಮಾತು ಗಮನಿಸಿ: ಸಿ.ಡಿ.ಗೆ ಬರ್ನ್ ಮಾಡಿ ತೆಗೆದರೆ ಬೀಗ ಬಿಟ್ಟುಹೋಗುತ್ತದೆ ಎಂಬುದು ಬೀಗ ಹಾಕಿದವರಿಗೇ ಗೊತ್ತಿತ್ತು. ಹಾಗಿದ್ದ ಮೇಲೆ ಅದು ತಡೆಯುತ್ತಿದ್ದದ್ದು ಯಾರನ್ನು?

ಕಂಪನಿಗಳು ಬೀಗ ಕೇಳಿದ್ದೇಕೆ, ಬಿಟ್ಟಿದ್ದೇಕೆ

1999ರಲ್ಲಿ, ಹಾಡಿನ ಫೈಲುಗಳನ್ನು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಹಂಚಿಕೊಳ್ಳಲು ಬಿಡುವ ನ್ಯಾಪ್‌ಸ್ಟರ್ ಬಂದಾಗ ಧ್ವನಿಮುದ್ರಣ ಕಂಪನಿಗಳ ಜಂಘಾಬಲವೇ ಉಡುಗಿತು. ಒಂದು ಸಿ.ಡಿ. ಮಾರಿದರೆ ಅದು ಬೆಳಗಾಗುವಷ್ಟರಲ್ಲಿ ಲಕ್ಷ ಜನರ ಕಂಪ್ಯೂಟರಿನಲ್ಲಿರುತ್ತಿತ್ತು. ಕೋರ್ಟಿಗೆ ಹೋಗಿ ನ್ಯಾಪ್‌ಸ್ಟರ್ ಮುಚ್ಚಿಸಿದರೂ ಹೆದರಿಕೆ ಹೋಗಲಿಲ್ಲ. ಆನ್‌ಲೈನಿನಲ್ಲಿ ಹಾಡು ಮಾರಲು ಅವರು ಒಪ್ಪಿದ್ದೇ ಬೀಗದ ಷರತ್ತಿನ ಮೇಲೆ. 2003ರ ಏಪ್ರಿಲ್ 28ರಂದು ಆ್ಯಪಲ್ ತೆರೆದ ಐಟ್ಯೂನ್ಸ್ ಅಂಗಡಿಯಲ್ಲೂ ಪ್ರತಿ ಹಾಡಿಗೆ ‘ಫೇರ್‌ಪ್ಲೇ’ ಎಂಬ ಬೀಗವಿತ್ತು.

ಹೆದರಿಕೆ ವಿವೇಕವನ್ನು ಮೀರಿದ್ದಕ್ಕೆ ಸಂಗೀತ ಕಂಪನಿ ಸೋನಿ ಬಿಎಂಜಿಯ 2005ರ ಪ್ರಕರಣ ಸಾಕ್ಷಿ. ಆ ವರ್ಷ ಅಕ್ಟೋಬರ್ 31ರಂದು ಮಾರ್ಕ್ ರುಸಿನೊವಿಚ್ ಎಂಬ ತಂತ್ರಜ್ಞ ಒಂದು ಸಂಗತಿ ಬಯಲಿಗೆಳೆದರು. ಅಂಗಡಿಯಲ್ಲಿ ಕೊಂಡ ಈ ಕಂಪನಿಯ ಸಂಗೀತದ ಸಿ.ಡಿ.ಯನ್ನು ಕಂಪ್ಯೂಟರಿಗೆ ಹಾಕಿದಾಗ ಅದು ಸದ್ದಿಲ್ಲದೆ ಒಂದು ತಂತ್ರಾಂಶವನ್ನು ಒಳಗಿಳಿಸಿ, ವಿಂಡೋಸ್‌ನ ಕಣ್ಣಿಗೇ ಬೀಳದಂತೆ ಅಡಗಿ ಕೂರುತ್ತಿತ್ತು. ನಕಲು ತಡೆಯುವುದು ಅದರ ಕೆಲಸ. ಆದರೆ ಅದರ ಮರೆಯಲ್ಲಿ ವೈರಸ್‌ಗಳೂ ಅಡಗಬಹುದಿತ್ತು. ಐವತ್ತಕ್ಕೂ ಹೆಚ್ಚು ಆಲ್ಬಮ್‌ಗಳಲ್ಲಿ ಈ ತಂತ್ರಾಂಶವಿತ್ತು. ಮೊಕದ್ದಮೆಗಳು ಬಿದ್ದವು, ಕಂಪನಿ ನವೆಂಬರಿನಲ್ಲೇ ಆ ಸಿ.ಡಿ.ಗಳನ್ನು ವಾಪಸ್ ಕರೆಸಿಕೊಳ್ಳಬೇಕಾಯಿತು. ಇಲ್ಲಿಯೂ ಪೆಟ್ಟು ಬಿದ್ದದ್ದು ಸಿ.ಡಿ. ಕೊಂಡವನಿಗೆ, ಪುಕ್ಕಟೆ ಇಳಿಸಿಕೊಂಡವನ ಕಂಪ್ಯೂಟರಿಗೆ ಏನೂ ಆಗಲಿಲ್ಲ.

2007ರ ಫೆಬ್ರುವರಿ 6ರಂದು ಆ್ಯಪಲ್ ಮುಖ್ಯಸ್ಥ ಸ್ಟೀವ್ ಜಾಬ್ಸ್ ಒಂದು ಬಹಿರಂಗ ಲೇಖನ ಬರೆದರು. ಅವರು ಕೊಟ್ಟ ಲೆಕ್ಕ ಸರಳ. 2006ರಲ್ಲಿ ಜಗತ್ತಿನ ಆನ್‌ಲೈನ್ ಅಂಗಡಿಗಳು ಬೀಗ ಹಾಕಿ ಮಾರಿದ ಹಾಡುಗಳು 200 ಕೋಟಿಗಿಂತ ಕಡಿಮೆ. ಅದೇ ವರ್ಷ ಅದೇ ಸಂಗೀತ ಕಂಪನಿಗಳು ಯಾವ ಬೀಗವೂ ಇಲ್ಲದೆ ಸಿ.ಡಿ.ಗಳಲ್ಲಿ ಮಾರಿದ ಹಾಡುಗಳು 2,000 ಕೋಟಿಗೂ ಹೆಚ್ಚು. ಮುಂಬಾಗಿಲು ಹಾರುಹೊಡೆದಿರುವಾಗ ಹಿತ್ತಿಲ ಗೇಟಿಗೆ ಬೀಗ ಏಕೆ ಎಂಬುದು ಅವರ ವಾದದ ತಾತ್ಪರ್ಯ. ವಾದ ಸರಿಯಾಗಿತ್ತು, ಅದರ ಹಿಂದೆ ಆ್ಯಪಲ್‌ನ ಇಕ್ಕಟ್ಟೂ ಇತ್ತು. ಐಟ್ಯೂನ್ಸ್ ಹಾಡು ಐಪಾಡ್ ಬಿಟ್ಟು ಬೇರೆ ಪ್ಲೇಯರಿನಲ್ಲಿ ನುಡಿಯದು ಎಂಬ ಕಾರಣಕ್ಕೆ ನಾರ್ವೆಯ ಗ್ರಾಹಕ ಓಂಬುಡ್ಸ್‌ಮನ್ ಆಗಲೇ ಬೆನ್ನು ಹತ್ತಿದ್ದರು.

ಬೀಗವನ್ನು ಕೊನೆಗೆ ತೆಗೆಸಿದ್ದು ಗ್ರಾಹಕರ ಕಣ್ಣೀರೂ ಅಲ್ಲ, ಜಾಬ್ಸ್ ಲೇಖನವೂ ಅಲ್ಲ. ಸಂಗೀತ ಕಂಪನಿಗಳಿಗೆ ತಡವಾಗಿ ಒಂದು ಸತ್ಯ ಹೊಳೆಯಿತು: ಬೀಗ ಕೇಳಿದ್ದು ತಾವು, ಕೀಲಿಗೊಂಚಲು ಸೇರಿದ್ದು ಆ್ಯಪಲ್‌ನ ಸೊಂಟಕ್ಕೆ. ಕೋಟ್ಯಂತರ ಜನರ ಕೈಯಲ್ಲಿ ಐಪಾಡ್ ಇತ್ತು. ಅದರಲ್ಲಿ ನುಡಿಯುವ ಬೀಗದ ಹಾಡನ್ನು ಆ್ಯಪಲ್ ಮಾತ್ರ ಮಾರಬಲ್ಲದು. ಹಾಗಾಗಿ ಬೆಲೆ ನಿಗದಿಯಲ್ಲಿ ಕಂಪನಿಗಳ ಮಾತು ನಡೆಯುತ್ತಿರಲಿಲ್ಲ. ಆ ಹಿಡಿತ ಮುರಿಯಲು ಇದ್ದ ದಾರಿ ಎಂದರೆ, ಐಪಾಡ್‌ನಲ್ಲೂ ನುಡಿಯುವ ಬೀಗವಿಲ್ಲದ ಎಂಪಿ3ಯನ್ನು ಇನ್ನೊಬ್ಬ ವ್ಯಾಪಾರಿಯ ಕೈಗೆ ಕೊಡುವುದು. 2007ರ ಏಪ್ರಿಲ್‌ನಲ್ಲಿ ಸಂಗೀತ ಕಂಪನಿ ಇಎಂಐ ಮೊದಲು ಒಪ್ಪಿತು. ಸೆಪ್ಟೆಂಬರಿನಲ್ಲಿ ಅಮೆಜಾನ್ ಎಂಪಿ3 ಅಂಗಡಿ ತೆರೆಯಿತು. 2008ರ ಜನವರಿಯ ಹೊತ್ತಿಗೆ ಯೂನಿವರ್ಸಲ್, ವಾರ್ನರ್, ಸೋನಿ ಬಿಎಂಜಿ ಎಲ್ಲರೂ ಅಮೆಜಾನ್‌ಗೆ ಬೀಗವಿಲ್ಲದ ಹಾಡು ಕೊಡಲು ಒಪ್ಪಿದ್ದರು. 2009ರ ಜನವರಿಯಲ್ಲಿ ಆ್ಯಪಲ್ ಕೂಡ ಬೀಗ ತೆಗೆಯುವುದಾಗಿ ಸಾರಿತು. ಕಂಪನಿಗಳಿಗೆ ಬೇಕಿದ್ದ ಬೇರೆ ಬೇರೆ ಬೆಲೆಯ ಪದ್ಧತಿಯೂ ಆಗಲೇ ಬಂತು. ಹಳೆಯ ಹಾಡಿನ ಬೀಗ ತೆಗೆಸಿಕೊಳ್ಳಲು ಗ್ರಾಹಕ ಹಾಡಿಗೆ 30 ಸೆಂಟ್ ಮತ್ತೆ ಕೊಡಬೇಕಿತ್ತು. ಎರಡು ವ್ಯಾಪಾರಿಗಳ ಜಗಳದಲ್ಲಿ ಗ್ರಾಹಕನಿಗೆ ಲಾಭವಾಯಿತು, ನಿಜ. ಅದಕ್ಕೂ ಅವನೇ ಬಿಲ್ ಕಟ್ಟಿದ.

ಕಾನೂನು ಯಾರ ಕಡೆ?

ಸರ್ವರ್ ನಿಂತ ಮೇಲೆ ತಾನು ಕೊಂಡ ಹಾಡಿನ ಬೀಗವನ್ನು ತಾನೇ ಒಡೆದುಕೊಂಡರೆ? ಅಮೆರಿಕದಲ್ಲಿ ಅದೂ ಕಾನೂನುಬಾಹಿರ. 1998ರ ಡಿಜಿಟಲ್ ಮಿಲೆನಿಯಮ್ ಕಾಪಿರೈಟ್ ಆ್ಯಕ್ಟ್ ಪ್ರಕಾರ ಬೀಗ ಒಡೆಯುವುದೇ ತಪ್ಪು. ಒಳಗಿನದು ನೀವು ಹಣ ಕೊಟ್ಟು ಕೊಂಡದ್ದೇ ಎಂಬುದು ರಕ್ಷಣೆಗೆ ಬರುವುದಿಲ್ಲ. ಮೂರು ವರ್ಷಕ್ಕೊಮ್ಮೆ ವಿನಾಯಿತಿ ಕೇಳಲು ಅವಕಾಶವಿದೆ. ಸರ್ವರ್ ಮುಚ್ಚಿದ ಅಂಗಡಿಗಳ ಗ್ರಾಹಕರಿಗೆ ವಿನಾಯಿತಿ ಕೊಡಿ ಎಂದು ಸಂಶೋಧಕ ಕ್ರಿಸ್ಟೊಫರ್ ಸೊಘೋಯಿಯನ್ ಅರ್ಜಿ ಹಾಕಿದ್ದರು. 2010ರಲ್ಲಿ ಅದು ತಿರಸ್ಕೃತವಾಯಿತು.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಹೆಚ್ಚು ಸಮತೂಕದ್ದು. 2012ರ ತಿದ್ದುಪಡಿಯಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ 65ಎ ಎಂಬ ಹೊಸ ಕಲಂ ಸೇರಿತು. ಬೀಗ ಒಡೆದರೆ ಎರಡು ವರ್ಷದವರೆಗೆ ಜೈಲು ಮತ್ತು ದಂಡ ಎನ್ನುತ್ತದೆ ಅದು. ಆದರೆ ಕೃತಿಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶದಿಂದ ಒಡೆದಿದ್ದರೆ ಮಾತ್ರ. ಕಾಯ್ದೆ ನಿಷೇಧಿಸದ ಕೆಲಸಕ್ಕಾಗಿ ಒಡೆದರೆ ಅಪರಾಧವಲ್ಲ. ಖಾಸಗಿ ಬಳಕೆಗೆ 52ನೇ ಕಲಂ ಅವಕಾಶ ಕೊಟ್ಟಿದೆ. ಬೇರೆಯವರು ಒಡೆಯಲು ನೆರವಾದರೆ ಅವರು ಕೇಳಿದವನ ಹೆಸರು, ವಿಳಾಸ, ಉದ್ದೇಶವನ್ನು ದಾಖಲೆ ಇಡಬೇಕು, ಅಷ್ಟೇ.

ಓದಲು ಹಿತವಾಗಿದೆ. ಆದರೆ ಬೀಗ ಒಡೆದುಕೊಳ್ಳಬಹುದು ಎನ್ನುವುದಕ್ಕೂ, ಮಾರಿದವನು ಕೀಲಿ ಕೊಟ್ಟು ಹೋಗಬೇಕು ಎನ್ನುವುದಕ್ಕೂ ಬಹಳ ದೂರ. ಮೊದಲನೆಯದು ತಂತ್ರ ಬಲ್ಲವನಿಗೆ ಮಾತ್ರ ಉಪಯೋಗ. ನಿವೃತ್ತ ಮೇಷ್ಟ್ರು, ಗೃಹಿಣಿ, ಸಣ್ಣ ಊರಿನ ಗ್ರಂಥಪಾಲಕ ಗೂಢಲಿಪಿಯನ್ನು ಬಿಡಿಸುತ್ತ ಕೂರಲಾರರು. ಅವರಿಗೆ ಬೇಕಾದದ್ದು ಎರಡನೆಯದು. ಅದು ನಮ್ಮ ಕಾಯ್ದೆಯಲ್ಲಿಲ್ಲ.

ಬೆಂಗಳೂರಿನ ಅಂಗಡಿ ಮುಚ್ಚಿದಾಗ

ಇದೇ ಅವಧಿಯ ಇನ್ನೊಂದು ಕಥೆ ನಮ್ಮ ಊರಿನದು. ಬೆಂಗಳೂರಿನ ಫ್ಲಿಪ್‌ಕಾರ್ಟ್ 2012ರ ಫೆಬ್ರುವರಿಯಲ್ಲಿ ‘ಫ್ಲೈಟ್’ ಎಂಬ ಸಂಗೀತದ ಅಂಗಡಿ ತೆರೆಯಿತು. ಪುಕ್ಕಟೆ ಹಾಡಿಗೆ ಒಗ್ಗಿದ್ದ ಜನರಿಂದ ಬಿಡಿ ಹಾಡಿಗೆ ಕೆಲವು ರೂಪಾಯಿ ವಸೂಲು ಮಾಡುವುದು ಸುಲಭವಿರಲಿಲ್ಲ. ಅಷ್ಟು ಸಣ್ಣ ಮೊತ್ತವನ್ನು ಆನ್‌ಲೈನಿನಲ್ಲಿ ಪಾವತಿಸುವ ಸಲೀಸಾದ ದಾರಿಯೂ ಆಗ ಇರಲಿಲ್ಲ. 2013ರ ಜೂನ್‌ನಲ್ಲಿ, ಒಂದೂವರೆ ವರ್ಷವೂ ತುಂಬುವ ಮೊದಲೇ, ಅಂಗಡಿ ಮುಚ್ಚಿತು. ಕೊಂಡದ್ದನ್ನು ಇಳಿಸಿಕೊಳ್ಳಲು ಗ್ರಾಹಕರಿಗೆ ಸಮಯ ಕೊಟ್ಟರು.

ವ್ಯಾಪಾರವಾಗಿ ಅದು ಸೋಲು. ಗ್ರಾಹಕನ ಕಡೆಯಿಂದ ನೋಡಿದರೆ ಬೇರೆಯೇ ಕಾಣುತ್ತದೆ. ಫ್ಲೈಟ್ ಮಾರಿದ್ದು ಬೀಗವಿಲ್ಲದ ಎಂಪಿ3. ಅಂದು ಇಳಿಸಿಟ್ಟುಕೊಂಡವರ ಹಾಡು ಇಂದಿಗೂ ಯಾವ ಮೊಬೈಲಿನಲ್ಲೂ, ಯಾವ ಕಾರಿನಲ್ಲೂ ನುಡಿಯುತ್ತದೆ; ಅದಕ್ಕೆ ಫ್ಲಿಪ್‌ಕಾರ್ಟಿನ ಅಪ್ಪಣೆ ಬೇಕಿಲ್ಲ. ಎಂಎಸ್‌ಎನ್ ಮ್ಯೂಸಿಕ್ ಮತ್ತು ಫ್ಲೈಟ್ ಎರಡೂ ಮುಚ್ಚಿದವು. ಒಂದು ಕಡೆ ಗ್ರಾಹಕರು ಬೀದಿಗೆ ಬಂದರು, ಇನ್ನೊಂದು ಕಡೆ ‘ಅಯ್ಯೋ, ಒಳ್ಳೆಯ ಅಂಗಡಿ ಹೋಯಿತಲ್ಲ’ ಎಂದು ಬೇಸರಪಟ್ಟು ಸುಮ್ಮನಾದರು. ನಡುವಿನ ವ್ಯತ್ಯಾಸ ಆ ಬೀಗ ಒಂದೇ.

ಕ್ಯಾಸೆಟ್ ಕಾಲ ಕಂಡವರಿಗೆ ಇದು ವಿಚಿತ್ರವೆನಿಸದು. ಹಾಡುಗಳ ಪಟ್ಟಿ ಬರೆದುಕೊಟ್ಟು, ಪೇಟೆಯ ರೆಕಾರ್ಡಿಂಗ್ ಅಂಗಡಿಯಲ್ಲಿ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಂಡು ಬರುತ್ತಿದ್ದ ಊರು ನಮ್ಮದು. ಅದರಿಂದ ಕಲಾವಿದರಿಗೆ ನಷ್ಟವಾದದ್ದೂ ಸತ್ಯ, ಅದನ್ನು ಸಮರ್ಥಿಸುವ ಅಗತ್ಯವಿಲ್ಲ. ಆದರೆ ಅದೇ ಕಾಲದಲ್ಲಿ ಜನ ಭಾವಗೀತೆಗಳ ಧ್ವನಿಸುರುಳಿಗಳನ್ನು ದುಡ್ಡು ಕೊಟ್ಟೂ ಕೊಂಡರು, ಮದುವೆಗೆ ಉಡುಗೊರೆ ಕೊಟ್ಟರು, ಸಾಲ ಕೊಟ್ಟು ವಾಪಸ್ ಬರದೆ ಮುನಿಸಿಕೊಂಡರು. ಮಾರಿದ ಕಂಪನಿ ಮುಳುಗಿದರೂ ಕ್ಯಾಸೆಟ್ ಮನೆಯಲ್ಲಿತ್ತು. ಬೀಗದ ಹಾಡನ್ನು ಉಡುಗೊರೆ ಕೊಡುವಂತಿಲ್ಲ, ಸಾಲ ಕೊಡುವಂತಿಲ್ಲ, ಮಾರುವಂತಿಲ್ಲ. ಕೊಂಡ ಐಟ್ಯೂನ್ಸ್ ಹಾಡನ್ನು ಮರುಮಾರಾಟ ಮಾಡಲು ಹೊರಟ ರೀಡಿಜಿ ಎಂಬ ಕಂಪನಿ ಅಮೆರಿಕದ ಕೋರ್ಟಿನಲ್ಲಿ 2013ರಲ್ಲೂ, ಮೇಲ್ಮನವಿಯಲ್ಲಿ 2018ರಲ್ಲೂ ಸೋತಿತು.

ಮೈಸೂರಿನಲ್ಲಿ ತೀರಿಕೊಂಡ ಗಾಯಕಿಯ ದನಿ

ಒಬ್ಬರ ಹಾಡಿನ ಸಂಗ್ರಹ ಹೋದರೆ ಅದು ಅವರ ನಷ್ಟ. ಬೀಗದಿಂದ ಆಗಬಹುದಾದ ದೊಡ್ಡ ನಷ್ಟ ಬೇರೆಯದು: ಮುಂದಿನ ತಲೆಮಾರಿಗೆ ದನಿಯೇ ಉಳಿಯದಿರುವುದು. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತದಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡರು. ಭಾರತದ ಮೊದಲ ಗ್ರಾಮಫೋನ್ ತಾರೆ ಎನಿಸಿಕೊಂಡ ಆಕೆ ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ಸೇರಿ, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಆಕೆಯ ದನಿಯನ್ನು ನಾವು ಇಂದು ಕೇಳಬಹುದು. ಅದಕ್ಕೆ ಕಾರಣ ಕಂಪನಿಯೊಂದೇ ಅಲ್ಲ. ಗುಜರಿಯಿಂದಲೂ ಅಟ್ಟದಿಂದಲೂ ಹಳೆಯ ಪ್ಲೇಟುಗಳನ್ನು ಹುಡುಕಿ ಕಾಪಿಟ್ಟ ಸಂಗ್ರಾಹಕರೂ ಹೌದು. ಬೆಂಗಳೂರಿನ ವಿಕ್ರಮ್ ಸಂಪತ್ ಸ್ಥಾಪಿಸಿದ ‘ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್’ ಅಂಥ ಮುದ್ರಣಗಳನ್ನು ಡಿಜಿಟಲ್ ರೂಪಕ್ಕೆ ತಂದಿದೆ.

ಅರಗಿನ ಆ ಪ್ಲೇಟು ಯಾರ ಅನುಮತಿಯನ್ನೂ ಕೇಳುವುದಿಲ್ಲ. ಮುಳ್ಳು ತಾಗಿಸಿದರೆ ಹಾಡುತ್ತದೆ. ನೂರು ವರ್ಷ ದಾಟಿದ ಪ್ಲೇಟಿನಿಂದ ದನಿ ಎತ್ತಬಹುದು, 2005ರಲ್ಲಿ ಕೊಂಡ ಬೀಗದ ಫೈಲಿನಿಂದ ಆಗದು ಎಂದರೆ, ತಂತ್ರಜ್ಞಾನ ಮುಂದೆ ಬಂದಿದೆ ಎಂದು ಯಾವ ಬಾಯಲ್ಲಿ ಹೇಳುವುದು? ಕೃತಿಸ್ವಾಮ್ಯಕ್ಕೆ ಒಂದು ಅವಧಿ ಇದೆ. ನಮ್ಮಲ್ಲಿ ಧ್ವನಿಮುದ್ರಣಕ್ಕೆ ಪ್ರಕಟವಾದ ಮೇಲೆ 60 ವರ್ಷ. ಅದು ಮುಗಿದ ಮೇಲೆ ಹಾಡು ಎಲ್ಲರ ಸ್ವತ್ತು. ಬೀಗಕ್ಕೆ ಅವಧಿಯೇ ಇಲ್ಲ. ಹಕ್ಕು ತೀರಿದ ಮೇಲೂ ಅದು ಮುಚ್ಚಿಕೊಂಡೇ ಇರುತ್ತದೆ.

ಈಗ ಕೇಳಬೇಕಾದದ್ದು

ಇಂದು ಹಾಡು ಕೊಳ್ಳುವವರೇ ಕಡಿಮೆ. ತಿಂಗಳಿಗಿಷ್ಟು ಕಟ್ಟಿದರೆ, ಇಲ್ಲವೇ ಜಾಹೀರಾತು ಸಹಿಸಿಕೊಂಡರೆ, ಕೋಟಿಗಟ್ಟಲೆ ಹಾಡು ಬೆರಳ ತುದಿಯಲ್ಲಿದೆ. ಆ ಅನುಕೂಲ ಸಣ್ಣದಲ್ಲ. ಆದರೆ ಆ್ಯಪ್‌ನಲ್ಲಿ ‘ಡೌನ್‌ಲೋಡ್’ ಮಾಡಿಟ್ಟ ಹಾಡಿಗೂ ಅದೇ ಡಿಆರ್‌ಎಂ ಇದೆ. ಚಂದಾ ನಿಂತರೆ ಅದೂ ನಿಲ್ಲುತ್ತದೆ. 2023ರ ಮಾರ್ಚ್‌ನಲ್ಲಿ ಒಪ್ಪಂದ ಕುದುರದೆ ಝೀ ಮ್ಯೂಸಿಕ್‌ನ ಹಾಡುಗಳು ಸ್ಪಾಟಿಫೈನಿಂದ ಮಾಯವಾದವು. 2024ರಲ್ಲಿ ಏರ್‌ಟೆಲ್ ತನ್ನ ವಿಂಕ್ ಮ್ಯೂಸಿಕ್ಕನ್ನೇ ಮುಚ್ಚಲು ತೀರ್ಮಾನಿಸಿತು. ಜನ ವರ್ಷಗಟ್ಟಲೆ ಕೂಡಿಸಿದ್ದ ಹಾಡಿನ ಪಟ್ಟಿಗಳು ಅದರಲ್ಲಿದ್ದವು. ಬಾಡಿಗೆ ಎಂದು ಗೊತ್ತಿದ್ದೇ ಇದ್ದವರು ಮನೆ ಖಾಲಿ ಮಾಡುವಾಗ ದೂರುವಂತಿಲ್ಲ. ತಕರಾರು ಇರುವುದು ಬಾಡಿಗೆಯನ್ನು ಕ್ರಯ ಎಂದು ಹೇಳಿ ಕೊಟ್ಟಾಗ.

ಕ್ಯಾಲಿಫೋರ್ನಿಯಾ 2024ರಲ್ಲಿ ಈ ಬಗ್ಗೆ ಕಾನೂನು ಮಾಡಿತು. 2025ರ ಜನವರಿ 1ರಿಂದ ಅಲ್ಲಿ, ಹಿಂದಕ್ಕೆ ಕಿತ್ತುಕೊಳ್ಳಬಹುದಾದ ಡಿಜಿಟಲ್ ಸರಕನ್ನು ‘ಕೊಳ್ಳಿ’ ಎಂದು ಮಾರುವವರು, ನಿಮಗೆ ಸಿಗುತ್ತಿರುವುದು ಲೈಸೆನ್ಸ್ ಮಾತ್ರ ಎಂದು ಸ್ಪಷ್ಟವಾಗಿ ತಿಳಿಸಬೇಕು. ಶಾಶ್ವತವಾಗಿ ಇಳಿಸಿಟ್ಟುಕೊಳ್ಳಬಹುದಾದ ಸರಕಿಗೆ ಈ ನಿಯಮವಿಲ್ಲ. ಒಳ್ಳೆಯ ಹೆಜ್ಜೆ, ಅರ್ಧ ಹೆಜ್ಜೆ. ಮೋಸವನ್ನು ಅದು ತಡೆಯುತ್ತದೆ, ನಷ್ಟವನ್ನು ತಡೆಯುವುದಿಲ್ಲ.

ನಮ್ಮ ಗ್ರಾಹಕ ಕಾನೂನು ಇನ್ನರ್ಧ ಹೆಜ್ಜೆ ಇಡಬಹುದು. ಬೀಗ ಹಾಕಿ ಹಾಡನ್ನೋ ಪುಸ್ತಕವನ್ನೋ ಸಿನಿಮಾವನ್ನೋ ಮಾರುವವರು, ಅಂಗಡಿ ಮುಚ್ಚುವಾಗ ಮೂರರಲ್ಲಿ ಒಂದನ್ನು ಮಾಡಲೇಬೇಕು ಎನ್ನಲಿ: ಬೀಗ ತೆಗೆದ ಪ್ರತಿ ಕೊಡುವುದು, ಇಲ್ಲವೇ ಹಣ ವಾಪಸ್ ಕೊಡುವುದು, ಇಲ್ಲವೇ ಸರ್ವರನ್ನು ಇನ್ನೊಬ್ಬರಿಗೆ ಒಪ್ಪಿಸಿ ನಡೆಸುವುದು. ಇದು ಅಸಾಧ್ಯವೆಂದು ಯಾರೂ ಹೇಳುವಂತಿಲ್ಲ. 2008ರಲ್ಲಿ ಯಾಹೂ ಮೊದಲೆರಡನ್ನೂ ಮಾಡಿತು, ಆ್ಯಪಲ್ ಮರುವರ್ಷ ಬೀಗವನ್ನೇ ತೆಗೆಯಿತು, ಇಬ್ಬರೂ ದಿವಾಳಿಯಾಗಲಿಲ್ಲ. ಅಲ್ಲಿಯವರೆಗೆ ಕೇಳುಗರು ಮಾಡಬಹುದಾದ ಕೆಲಸ ಸಣ್ಣದು: ನಿಜವಾಗಿ ಬೇಕಾದ ಹಾಡನ್ನು ಬೀಗವಿಲ್ಲದ ಫೈಲ್ ಕೊಡುವವರಲ್ಲೇ ಕೊಳ್ಳುವುದು, ಕೊಂಡ ದಿನವೇ ಇಳಿಸಿ ಎರಡು ಕಡೆ ಪ್ರತಿ ಇಡುವುದು. ಕಲಾವಿದನಿಗೆ ಸಲ್ಲಬೇಕಾದದ್ದು ಸಲ್ಲುತ್ತದೆ, ಹಾಡೂ ಮನೆಯಲ್ಲಿ ಉಳಿಯುತ್ತದೆ. ಬೀಗ ಹಾಕದೆಯೂ ಹಾಡು ಮಾರಬಹುದೆಂದು ಸಂಗೀತ ಕಂಪನಿಗಳೇ ಕಲಿತು ಎಷ್ಟೋ ವರ್ಷವಾಯಿತು. ಪುಸ್ತಕ, ಸಿನಿಮಾ ಮಾರುವವರಲ್ಲಿ ಹೆಚ್ಚಿನವರು ಇನ್ನೂ ಕಲಿತಿಲ್ಲ. ಅವರಿಗೆ ಕಲಿಸಬೇಕಾದವರು ದುಡ್ಡು ಕೊಡುವ ನಾವು.